ಕಾಣದ ಎಳೆಗೊಂದು ಬೀಮು

ಬೆಳಗ್ಗೆ ಮುಖ ತೊಳೆದ ಕೂಡಲೇ ಅವಳು ಮುಖ ಒರೆಸಿಕೊಳ್ಳುವುದಿಲ್ಲ. ಒದ್ದೆ ಗಲ್ಲದಿಂದ ಹನಿ ತೊಟ್ಟಿಕ್ಕುತ್ತಿರುವಾಗಲೇ ಟವೆಲನ್ನು ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಹರವುತ್ತಾಳೆ. ಅದರ ಮೂಲೆಯೊಂದರ ಮೇಲೆ ಹಿತ್ತಾಳೆಯ ಚೌಕಟ್ಟಿನ ಪುಟ್ಟ ಭೂತಗಾಜನ್ನು ನಿಲ್ಲಿಸಿ, ಒಂದು ಅಂಗುಲದೊಳಗೆ ಉದ್ದಕ್ಕೆ ಎಷ್ಟು ಎಳೆ, ಅಡ್ಡಕ್ಕೆ ಎಷ್ಟು ಎಳೆ ಎಂದು ಸೂಜಿಯ ಮೊನೆಯಿಂದ ಒಂದೊಂದಾಗಿ ಎಣಿಸುತ್ತಾಳೆ. ಎಣಿಕೆ ಮುಗಿದ ಮೇಲೆ ಅದೇ ಟವೆಲಿನಿಂದ ಮುಖ ಒರೆಸಿಕೊಂಡು ಚಹಕ್ಕೆ ನೀರಿಡುತ್ತಾಳೆ. ಜ್ವರ ಬಂದಾಗಲೂ, ತಾಯಿ ತೀರಿಕೊಂಡ ಮರುದಿನವೂ ಇದು ತಪ್ಪಿಲ್ಲ.

"ಅದೇ ಟವೆಲ್ಲು, ಅದೇ ಎಳೆ. ನಿನ್ನೆಯಿಂದ ಇವತ್ತಿಗೆ ಮರಿ ಹಾಕಿರುತ್ತೇನೇ?" ಎಂದು ಅವಳ ಗಂಡ ಕೇಳುತ್ತಾನೆ. ಅವನು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಓಡಿಸಲು ಏನೂ ಇಲ್ಲದ್ದರಿಂದ ಮಾತನ್ನೇ ಓಡಿಸುತ್ತಾನೆ.

"ಎಳೆ ಅಲ್ಲ ರೀ, ನನ್ನ ಕಣ್ಣು ನಿನ್ನೆ ಇದ್ದ ಹಾಗೇ ಇದೆಯಾ ಅಂತ ನೋಡ್ಕೋತೀನಿ. ದೇವರು ಕೊಟ್ಟಿದ್ದು. ಬಳಸ್ತಾ ಇದೀನಪ್ಪಾ ಅಂತ ದಿನಕ್ಕೊಂದು ಸಲ ತೋರಿಸಬೇಡವಾ?"

"ಹಾಗಿದ್ರೆ ಬಾ, ನನ್ನ ತಲೆಕೂದಲು ಎಣಿಸು. ಬೇಗ ಮುಗಿಯುತ್ತೆ, ಚಹಾನೂ ಬೇಗ ಸಿಗುತ್ತೆ."

ಗಿರಣಿಯಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎನ್ನುತ್ತಾರೆ. ಐವತ್ತೈದು ದಾಟಿದೆ. ಎಡಗಾಲಿನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅವಳ ಕೆಲಸ ನೇಯ್ಗೆಯ ವಿನ್ಯಾಸ. ಬಟ್ಟೆಯ ಮೇಲೆ ಹೂವು ಬಳ್ಳಿ ಬರೆಯುವುದಲ್ಲ. ಯಾವ ಎಳೆ ಯಾವುದರ ಮೇಲೆ ಹೋಗಬೇಕು, ಯಾವುದರ ಕೆಳಗೆ ನುಸುಳಬೇಕು ಎಂದು ತೀರ್ಮಾನಿಸುವುದು. ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರುವ ಎಳೆ ಹಾಸು, ಅಡ್ಡಕ್ಕೆ ನುಗ್ಗಿ ಬರುವ ಎಳೆ ಹೊಕ್ಕು. ಈ ಎರಡರ ಸಂಸಾರವನ್ನು ಚೌಕಳಿ ಕಾಗದದ ಮೇಲೆ ಕೆಂಪು ಚುಕ್ಕಿಗಳಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ತುಂಬಿಸಿ, ಕೆಳಗಿನ ಮಗ್ಗದ ಶೆಡ್ಡಿಗೆ ಕಳಿಸುತ್ತಾಳೆ.

ಅವಳು ಇದನ್ನು ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಎಳೆ ಪೋಣಿಸುವ ಕೋಣೆಗೆ ಸೇರಿದಳು. ಸಾವಿರಾರು ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಕ್ಕೆಯಿಂದ ಎಳೆದು ಸೂಜಿಕಣ್ಣಿನಂಥ ತಂತಿಕಣ್ಣುಗಳಿಗೆ ತೂರಿಸುವ ಕೆಲಸ ಅದು. ಒಂದು ಎಳೆ ತಪ್ಪಿದರೆ ನೂರು ಮೀಟರಿನುದ್ದಕ್ಕೂ ಆ ತಪ್ಪು ಗೆರೆಯಾಗಿ ನಡೆದುಬರುತ್ತದೆ. ಹದಿನಾರು ವರ್ಷ ಹೀಗೆ ಪೋಣಿಸುತ್ತ ಪೋಣಿಸುತ್ತ, ಇನ್ನೊಬ್ಬರು ಬರೆದ ಚುಕ್ಕಿಗಳನ್ನು ಬೆರಳಿನಲ್ಲೇ ಓದುವುದು ಅವಳಿಗೆ ಬಂದುಬಿಟ್ಟಿತು. ಒಂದು ದಿನ ಆಗಿನ ವಿನ್ಯಾಸಗಾರರ ಮುಂದೆ ನಿಂತು, "ಸಾರ್, ಈ ನಕ್ಷೆ ನೇಯ್ದರೆ ಬಟ್ಟೆ ಒಂದು ಕಡೆಗೆ ವಾಲುತ್ತೆ" ಎಂದಳು. ಅವರು ನಕ್ಕರು. ಬಟ್ಟೆ ವಾಲಿತು. ಮರುವಾರ ಅವರು ಅವಳ ಕೈಗೆ ಕೆಂಪು ಪೆನ್ಸಿಲ್ ಕೊಟ್ಟರು.

ಈ ಕಥೆ ಒಂದು ಹೊದಿಕೆಯದು.

ಅವಳ ತಾಯಿ ಕೊನೆಯ ಇಪ್ಪತ್ತೆರಡು ದಿನ ಊರಿನ ದೊಡ್ಡ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಕೊಡುತ್ತಿದ್ದ ಕಂದು ಕಂಬಳಿಗೆ ತೂಕವಿತ್ತು, ಬಿಸುಪಿರಲಿಲ್ಲ. "ಎದೆ ಮೇಲೆ ಚಪ್ಪಡಿ ಹೇರಿದ ಹಾಗಿದೆ ಮಗಾ, ಆದರೂ ಕಾಲು ಕೊರೀತಿದೆ" ಎನ್ನುತ್ತಿದ್ದರು. ಅವಳು ಕಂಬಳಿ ಸರಿಸಿದರೆ ಚಳಿ, ಹೊದಿಸಿದರೆ ಉಸಿರಾಟಕ್ಕೆ ಕಷ್ಟ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಮನಸ್ಸಿನಲ್ಲಿ ಪ್ರಾರ್ಥನೆ ಹೇಳಿಕೊಳ್ಳುತ್ತಲೇ ಅವಳು ಆ ಕಂಬಳಿಯ ಮೇಲೆ ಗಾಜು ಇಟ್ಟು ಎಣಿಸಿದಳು. ಎಳೆಗೇನೂ ಕಡಿಮೆ ಇರಲಿಲ್ಲ. ಗಾಳಿಗೆ ಜಾಗವಿರಲಿಲ್ಲ.

ತಾಯಿ ಹೋದ ಮೇಲೆ ಅವಳು ಬರೆಯಲು ಶುರು ಮಾಡಿದಳು. ಒಂದರ ಮೇಲೊಂದು ಎರಡು ತೆಳು ಪದರ, ಎರಡೂ ಒಂದೇ ಮಗ್ಗದಲ್ಲಿ ಒಟ್ಟಿಗೇ ನೇಯುವಂಥದ್ದು, ನಡುವೆ ಗಾಳಿ. ತೂಕ ಅರ್ಧ, ಬಿಸುಪು ಎರಡರಷ್ಟು. ಆದರೆ ಪದರ ಎರಡಾದರೆ ಅವುಗಳನ್ನು ಹಿಡಿದಿಡುವುದಕ್ಕೆ ಮೂರನೆಯದೊಂದು ಬೇಕು. ಮೇಲಿನ ಪದರಕ್ಕೊಮ್ಮೆ, ಕೆಳಗಿನ ಪದರಕ್ಕೊಮ್ಮೆ ಹೋಗಿ ಬರುತ್ತ, ಎರಡು ಕಡೆಯೂ ಕಾಣಿಸಿಕೊಳ್ಳದೆ ನಡುವೆಯೇ ಬದುಕುವ ಒಂದು ಎಳೆ. ಅವಳು ಅದಕ್ಕೆ ಬೆಸುಗೆಯೆಳೆ ಎಂದು ಹೆಸರಿಟ್ಟಳು.

ಮೊದಲ ಮಾದರಿ ನೀರಿನಲ್ಲಿ ನೆನೆದ ಬೆರಳಿನ ತುದಿಯ ಹಾಗೆ ಮುದುಡಿಕೊಂಡು ಹೊರಬಂತು. ಎರಡನೆಯದೂ ಹಾಗೇ. ಬೆಸುಗೆಯೆಳೆ ಮೇಲೆ ಕೆಳಗೆ ಓಡಾಡುವುದರಿಂದ ಉಳಿದ ಎಳೆಗಳಿಗಿಂತ ಅದಕ್ಕೆ ಹೆಚ್ಚು ಉದ್ದ ಬೇಕು. ಎಲ್ಲವನ್ನೂ ಒಂದೇ ಬೀಮಿಗೆ ಸುತ್ತಿದರೆ ಅದಕ್ಕೆ ಸಾಲದೆ ಎಳೆದು ಹಿಡಿಯುತ್ತದೆ. ಬೀಮು ಎಂದರೆ ಮಗ್ಗದ ಹಿಂದೆ ಹಾಸನ್ನೆಲ್ಲ ಸುತ್ತಿಟ್ಟ ಕಬ್ಬಿಣದ ದಪ್ಪ ಉರುಳೆ. ಶೆಡ್ಡಿನ ಮೇಸ್ತ್ರಿ ತಲೆ ಕೆರೆದುಕೊಂಡು, "ಇದಕ್ಕೆ ಬೇರೆ ಅಡುಗೆಮನೇನೇ ಮಾಡಿಕೊಡಬೇಕು ಅಕ್ಕ. ಕೂಡಿ ಬಾಳೋ ಜಾತಿ ಅಲ್ಲ" ಎಂದ. ಬೆಸುಗೆಯೆಳೆಗೆಂದೇ ಮಗ್ಗದ ಮೇಲ್ಭಾಗದಲ್ಲಿ ಎರಡನೆಯ ಬೀಮು ಕೂರಿಸಿದರು. ಆ ಮಾದರಿ ಮಗ್ಗದಿಂದ ಇಳಿದಾಗ ಅವಳು ಅದನ್ನು ಹೊದ್ದು ಶೆಡ್ಡಿನ ಬೆಂಚಿನ ಮೇಲೆ ಮಲಗಿಯೇಬಿಟ್ಟಳು. ನೂರು ಮಗ್ಗಗಳ ಗದ್ದಲದ ನಡುವೆ ಕಣ್ಣು ಮುಚ್ಚಿ, ಎದೆಯ ಮೇಲೆ ಏನೂ ಇಲ್ಲದ ಹಾಗೆ ಬೆಚ್ಚಗೆ. ಮೇಸ್ತ್ರಿ ಬೇರೆ ಕಡೆ ನೋಡುತ್ತ ನಿಂತ.

ಆ ಮಾದರಿ ನೋಡಿ ಅದೇ ಆಸ್ಪತ್ರೆಯವರು ಎರಡು ಸಾವಿರ ಹೊದಿಕೆ ಕೇಳಿದರು. ಒಂದೇ ಷರತ್ತು: ಪ್ರತಿ ಕಂತಿನ ಬಟ್ಟೆಯೂ ಮೂಲ ವಿನ್ಯಾಸದ ಪ್ರಕಾರವೇ ಇದೆ ಎಂದು ವಿನ್ಯಾಸ ಮಾಡಿದವರು ಸಹಿ ಹಾಕಬೇಕು.

ಗಿರಣಿಯನ್ನು ಆ ಹೊತ್ತಿಗೆ ಯಜಮಾನರ ತಮ್ಮನ ಮಗ ನಡೆಸುತ್ತಿದ್ದ. ಯಜಮಾನರು ಮೇಲಿನ ಕೋಣೆಯಲ್ಲಿ ಕೂತು ಪತ್ರಿಕೆ ಓದುವ ವಯಸ್ಸಿಗೆ ಬಂದಿದ್ದರು. ಇವನನ್ನು ಎಲ್ಲರೂ ಸಣ್ಣ ಯಜಮಾನ ಎನ್ನುತ್ತಿದ್ದರು. ಕೆಟ್ಟವನಲ್ಲ. ಆದರೆ ಯಾವ ಮಗ್ಗ ಎಷ್ಟು ನಿಮಿಷ ನಿಂತಿತ್ತು ಎಂಬುದು ಅವನಿಗೆ ಕನಸಿನಲ್ಲೂ ಕಾಣುತ್ತಿತ್ತು. ಎರಡು ಬೀಮಿನ ಮಗ್ಗ ಒಂದು ಬೀಮಿನದಕ್ಕಿಂತ ಹೆಚ್ಚು ಸಲ ನಿಲ್ಲುತ್ತದೆ.

ಒಂದು ಸೋಮವಾರ ಎಣಿಕೆಯಕ್ಕ ಶೆಡ್ಡಿಗಿಳಿದಾಗ ಹೊದಿಕೆಯ ಮಗ್ಗದ ಮೇಲ್ಭಾಗ ಬೋಳಾಗಿತ್ತು. ಎರಡನೆಯ ಬೀಮು ಗೋಡೆಗೆ ಒರಗಿ ನಿಂತಿತ್ತು. ಮಗ್ಗ ಮಾತ್ರ ತಡೆಯಿಲ್ಲದೆ ಓಡುತ್ತಿತ್ತು. ಅವಳು ನೇಯ್ದ ಬಟ್ಟೆಯ ಮೇಲೆ ಗಾಜು ಇಟ್ಟಳು. ಮೇಲಿನ ಪದರ ಸರಿ, ಕೆಳಗಿನದೂ ಸರಿ. ಸೂಜಿಯಿಂದ ಪದರ ಬಿಡಿಸಿ ನೋಡಿದರೆ ನಡುವೆ ಬೆಸುಗೆಯೆಳೆಯೇ ಇಲ್ಲ. ಅದರ ಬದಲು ಮೇಲಿನ ಪದರದ ಒಂದು ಎಳೆಯನ್ನೇ ಗೇಣಿಗೊಮ್ಮೆ ಕೆಳಕ್ಕೆ ಚುಚ್ಚಿ ಎತ್ತಿದ್ದರು.

"ಯಾರು ಮಾಡಿದ್ದು?"

"ನನ್ನ ಕೇಳಬೇಡ ಅಕ್ಕ. ಮೇಲಿಂದ ಫೈಲು ಬಂತು, ನಾನು ಓಡಿಸ್ದೆ" ಎಂದ ಮೇಸ್ತ್ರಿ. ಅವನ ದನಿ ಮಗ್ಗದ ಸದ್ದಿಗಿಂತ ಕೆಳಗಿತ್ತು.

ಅವಳು ಮೂರು ಅಂತಸ್ತಿನ ಕಬ್ಬಿಣದ ಮೆಟ್ಟಿಲು ಹತ್ತಿದಳು. ಪ್ರತಿ ತಿರುವಿನಲ್ಲೂ ಮಂಡಿ ಒಂದು ಮಾತು ಹೇಳಿತು. ಸಣ್ಣ ಯಜಮಾನ ಅವಳನ್ನು ಕಂಡ ಕೂಡಲೇ ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ ಮೇಡಂ. ನಾನೇ ಹೇಳಿ ಕಳಿಸೋಣ ಅಂತಿದ್ದೆ. ಮೊದಲ ಕಂತು ಐನೂರು ರೆಡಿ ಆಗ್ತಿದೆ. ಸಹಿ ಬೇಕಿತ್ತು."

"ಬೆಸುಗೆಯೆಳೆ ಎಲ್ಲಿ ಸಾರ್?"

"ಅದಾ? ನೋಡಿ ಮೇಡಂ, ಅದು ಮೇಲೂ ಕಾಣಲ್ಲ, ಕೆಳಗೂ ಕಾಣಲ್ಲ. ಕಾಣದೇ ಇರೋದಕ್ಕೆ ಒಂದು ಬೀಮು ಬೇಕಾ?"

"ಪೈಜಾಮದ ಲಾಡಿನೂ ಕಾಣಲ್ಲ ಸಾರ್. ಒಂದು ದಿನ ತೆಗೆದು ಓಡಾಡಿ ನೋಡಿ."

ಬಾಗಿಲ ಬಳಿ ಕೂತಿದ್ದ ಟೈಪಿಸ್ಟ್ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡಳು. ಸಣ್ಣ ಯಜಮಾನನ ಕಿವಿ ಕೆಂಪಾಯಿತು.

"ತಮಾಷೆ ಬೇಡ. ನಮ್ಮ ಪ್ರಯೋಗಾಲಯದಲ್ಲಿ ಮೂರು ಸಲ ತೊಳೆದು ನೋಡಿದೀವಿ. ಪಾಸಾಗಿದೆ."

"ಆಸ್ಪತ್ರೆಯವರು ಮೂರೇ ಸಲ ತೊಳೀತಾರಾ? ಒಬ್ಬ ರೋಗಿ ಎದ್ದರೆ ಒಂದು ಸಲ, ಕುದಿಯೋ ನೀರಲ್ಲಿ. ಇದು ಎರಡು ತಿಂಗಳಲ್ಲಿ ಬಿಟ್ಟುಕೊಳ್ಳುತ್ತೆ."

"ಅದು ನಿಮ್ಮ ಊಹೆ."

"ನನ್ನ ಊಹೆ ಮೇಲೇ ಅಲ್ವಾ ನೀವು ಆರ್ಡರ್ ತಗೊಂಡಿದ್ದು?"

ಅವನು ಕಾಗದವನ್ನು ಅವಳ ಕಡೆಗೆ ತಳ್ಳಿದ. "ಶುಕ್ರವಾರದ ತನಕ ಟೈಮಿದೆ. ನೀವು ಸಹಿ ಹಾಕಲ್ಲ ಅಂದ್ರೆ, ಒಂದಿಷ್ಟು ಬದಲಾಯಿಸಿ ಇನ್ನೊಬ್ಬರ ಹೆಸರಲ್ಲಿ ಹೊಸ ವಿನ್ಯಾಸ ಅಂತ ಕೊಡ್ತೀನಿ. ಆಮೇಲೆ ನಿಮಗೆ ಇಲ್ಲಿ ಏನು ಕೆಲಸ ಇರುತ್ತೆ ಅಂತ ನೀವೇ ಯೋಚನೆ ಮಾಡಿ."

ಅವಳು ಕಾಗದವನ್ನು ಮಡಿಸದೆ, ಮುಟ್ಟದೆ ಎದ್ದಳು. "ಯೋಚನೆ ಮಾಡ್ತೀನಿ. ತೊಳೆದೂ ನೋಡ್ತೀನಿ" ಎಂದು ಹೇಳಿ ಹೊರಬಂದಳು.

ಮೇಸ್ತ್ರಿ ಹೊಸ ಬಟ್ಟೆಯಿಂದ ಒಂದು ಹೊದಿಕೆಯಷ್ಟು ಕತ್ತರಿಸಿ ಕೊಟ್ಟ. ಹಳೆಯ ಮಾದರಿ ಅವಳ ಬೀರುವಿನಲ್ಲೇ ಇತ್ತು. ಎರಡನ್ನೂ ಗಂಟು ಕಟ್ಟಿಕೊಂಡು ಗಂಡನ ಹೆಗಲಿಗೇರಿಸಿ, ಮರುದಿನ ಬೆಳಗ್ಗೆಯೇ ಇಬ್ಬರೂ ಬಸ್ಸು ಹತ್ತಿದರು. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಅವನು ಡ್ರೈವರನನ್ನು ಮನಸಾರೆ ಬೈದ.

ಆಸ್ಪತ್ರೆಯ ಹಿಂಬದಿಯ ಬಟ್ಟೆ ತೊಳೆಯುವ ವಿಭಾಗಕ್ಕೆ ಹಬೆಯೇ ಗೋಡೆ. ಅಲ್ಲಿನ ಒಡತಿಯನ್ನು ವಾರ್ಡಿನವರೆಲ್ಲ ಸೋಪಮ್ಮ ಎನ್ನುತ್ತಿದ್ದರು. ಮೊಣಕೈವರೆಗೆ ಮಡಚಿದ ತೋಳು, ಯಾರನ್ನೂ ಅರ್ಧಕ್ಕಿಂತ ಹೆಚ್ಚು ನಂಬದ ಕಣ್ಣು. ಎಣಿಕೆಯಕ್ಕ ಹೇಳುವುದನ್ನೆಲ್ಲ ಕೇಳಿ, ಅವಳು ಎರಡೂ ಹೊದಿಕೆ ಕೈಯಲ್ಲಿ ತೂಗಿ ನೋಡಿದಳು.

"ನೋಡೋಕೆ ಅವಳಿಜವಳಿ ಇದ್ದ ಹಾಗಿವೆ. ಎಷ್ಟು ಸಲ ತೊಳೀಲಿ?"

"ಒಂದು ಹಾಳಾಗೋ ತನಕ."

"ಅಯ್ಯೋ ತಾಯಿ, ಹಾಳು ಮಾಡೋದು ನನಗೆ ಹೇಳಿಕೊಡಬೇಡ. ನನ್ನ ಯಂತ್ರ ಅದಕ್ಕೇ ಹುಟ್ಟಿದೆ."

ಮೂರು ದಿನ ಅವಳು ಅಲ್ಲೇ ಕೂತಳು. ಗಿರಣಿಗೆ ರಜೆಯ ಚೀಟಿ ಬರೆದಿದ್ದಳು. ಡ್ರಮ್ಮು ತಿರುಗಿ ನಿಂತಾಗಲೆಲ್ಲ ಎರಡೂ ಹೊದಿಕೆ ಎಳೆದು, ಬಿಸಿಗೆ ಬೆರಳು ಊದಿಕೊಳ್ಳುತ್ತ, ಗಾಜು ಇಟ್ಟು ನೋಡಿದಳು. ಏಳನೆಯ ಸಲ, ಎಂಟನೆಯ ಸಲ, ಏನೂ ಇಲ್ಲ. ಹತ್ತನೆಯದಾದ ಮೇಲೆ ಗಂಡ ಮೆಲ್ಲಗೆ, "ಒಂದು ವೇಳೆ ಅವನು ಹೇಳಿದ್ದೇ ಸರಿ ಇದ್ದರೆ?" ಎಂದ.

"ಇದ್ದರೆ ಸಹಿ ಹಾಕ್ತೀನಿ. ಹಠಕ್ಕೆ ಬಂದಿಲ್ಲ ರೀ, ತಿಳ್ಕೊಳ್ಳೋಕೆ ಬಂದಿದೀನಿ." ಒಂದು ಕ್ಷಣ ಬಿಟ್ಟು ಸೇರಿಸಿದಳು, "ಸ್ವಲ್ಪ ಹಠಾನೂ ಇದೆ."

ಹದಿನಾಲ್ಕನೆಯ ತೊಳೆತಕ್ಕೆ ಸೋಪಮ್ಮ ಗಿರಣಿಯ ಹೊಸ ಹೊದಿಕೆಯನ್ನು ಎತ್ತಲು ಹೋಗಿ "ಏಯ್!" ಎಂದು ಕೂಗಿದಳು. ಚುಚ್ಚುಗಳು ಸಾಲಾಗಿ ಕಿತ್ತುಹೋಗಿದ್ದವು. ಎರಡು ಪದರಗಳ ನಡುವೆ ನೀರು ತುಂಬಿ, ಹೊದಿಕೆ ಹೊಟ್ಟೆ ಬಂದ ಚೀಲದಂತೆ ತೂಗುತ್ತಿತ್ತು. ಇಬ್ಬರು ಹಿಡಿದರೂ ಎತ್ತಲಾಗಲಿಲ್ಲ.

ಎಣಿಕೆಯಕ್ಕ ನಗಲಿಲ್ಲ. ಹಳೆಯ ಮಾದರಿಯನ್ನು ಬಿಡಿಸಿ ನೋಡಿದಳು. ಪದರಗಳು ಕದಲಿರಲಿಲ್ಲ. ಆದರೆ ಸೋಪಮ್ಮ ಅದರ ಅಂಚನ್ನು ಹಿಡಿದು ಅವಳ ಮೂಗಿನ ಮುಂದೆ ಆಡಿಸಿದಳು.

"ನಿಂದೇನು ಚಿನ್ನದ್ದಾ? ನೋಡಿಲ್ಲಿ. ಅಂಚು ಸುರುಳಿ ಸುತ್ಕೊಂಡು ಹಗ್ಗ ಆಗಿದೆ. ಇದನ್ನ ನನ್ನ ಇಸ್ತ್ರಿ ಉರುಳೆಗೆ ಕೊಟ್ಟರೆ ಅಲ್ಲೇ ಸಿಕ್ಕಿಕೊಂಡು ಯಂತ್ರ ನಿಲ್ಲುತ್ತೆ. ನಿಮ್ಮ ಗಿರಣಿಯವರನ್ನೆಲ್ಲ ಒಂದೇ ತಕ್ಕಡೀಲಿ ತೂಗಬೇಕು."

ಅವಳು ಅಂಚಿನ ಮೇಲೆ ಗಾಜು ಇಟ್ಟಳು. ಎಣಿಸುತ್ತ ಎಣಿಸುತ್ತ ಅವಳ ಮುಖ ಸಣ್ಣದಾಯಿತು. ಅಂಚಿನಲ್ಲಿ ಎರಡು ಪದರವೂ ಕೂಡಿ ಒಂದಾಗುತ್ತವೆ. ಅಲ್ಲಿ ಎಳೆಗಳ ಒತ್ತು ಎರಡು ಪಟ್ಟು. ಹಾಗಾಗಿ ಆ ಎರಡು ಬೆರಳಗಲದಲ್ಲಿ ಎಳೆಗಳನ್ನು ಅರ್ಧಕ್ಕೆ ಇಳಿಸಬೇಕಿತ್ತು. ಅವಳು ಒಂದೇ ಪದರದ ಬಟ್ಟೆಗೆ ಬರೆಯುವ ಹಾಗೆ ಬರೆದಿದ್ದಳು. ಎಣಿಕೆಯಕ್ಕ ಎಣಿಕೆಯಲ್ಲೇ ಎಡವಿದ್ದಳು.

ಬಸ್ಸಿನಲ್ಲಿ ಬರುವಾಗ ಅವಳು ಸುರುಳಿಯಾದ ಅಂಚನ್ನು ಬೆರಳಿನಿಂದ ಬಿಡಿಸುತ್ತ ಕೂತಿದ್ದಳು. ಗಂಡ, "ಅಂಚಿನ ವಿಷಯ ಅವನಿಗೆ ಗೊತ್ತಿಲ್ಲವಲ್ಲ. ನೀನಾಗಿ ಯಾಕೆ ಹೇಳ್ತೀಯಾ?" ಎಂದ.

"ಅವನಿಗೆ ಗೊತ್ತಿಲ್ಲ. ನನಗೆ ಗೊತ್ತಲ್ಲ ರೀ."

ಶುಕ್ರವಾರ ಅವಳು ಹೋದದ್ದು ಸಣ್ಣ ಯಜಮಾನನ ಕೋಣೆಗಲ್ಲ, ಅದರ ಪಕ್ಕದ ಕೋಣೆಗೆ. ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಪತ್ರಿಕೆ ಮಡಿಸಿದರು. ಸದ್ದು ಕೇಳಿ ಸಣ್ಣ ಯಜಮಾನನೂ ಬಂದ. ಅವಳು ಎರಡೂ ಹೊದಿಕೆಗಳನ್ನು ಮೇಜಿನ ಮೇಲಿಟ್ಟಳು.

"ಯಜಮಾನ್ರೇ, ಮೊದಲು ನನ್ನ ತಪ್ಪು ಹೇಳ್ತೀನಿ" ಎಂದು ಶುರು ಮಾಡಿ, ಸುರುಳಿಯಾದ ಅಂಚನ್ನು ಬಿಡಿಸಿ ತೋರಿಸಿದಳು. "ಇದು ನಾನು ಮಾಡಿದ್ದು. ಎಳೆ ಅರ್ಧ ಮಾಡಬೇಕಿತ್ತು, ಮಾಡಿಲ್ಲ. ಎರಡು ದಿನದಲ್ಲಿ ತಿದ್ದಿ ಕೊಡ್ತೀನಿ."

ಸಣ್ಣ ಯಜಮಾನನಿಗೆ ಮರದ ಹಣ್ಣು ತಾನಾಗಿ ಕೈಗೆ ಬಿದ್ದ ಹಾಗಾಯಿತು. "ನೋಡಿದ್ರಾ ದೊಡ್ಡಪ್ಪ! ಇವರದೇ ತಪ್ಪು ಇಟ್ಕೊಂಡು ನಮಗೆ ಪಾಠ ಹೇಳೋಕೆ ಬಂದಿದಾರೆ."

"ಹೌದು ಸಾರ್, ನನ್ನದು ನನ್ನದೇ. ಅದನ್ನ ನಾನು ತಿದ್ತೀನಿ. ಈಗ ನಿಮ್ಮದು ನೋಡಿ." ಅವಳು ಇನ್ನೊಂದು ಹೊದಿಕೆಯನ್ನು ಯಜಮಾನರ ಕಡೆಗೆ ಸರಿಸಿದಳು. "ಕೈ ಹಾಕಿ ಯಜಮಾನ್ರೇ. ಪರವಾಗಿಲ್ಲ, ಹಾಕಿ."

ಮುದುಕರು ಕಿತ್ತುಹೋದ ಕಡೆಯಿಂದ ಕೈ ತೂರಿಸಿದರು. ಬೆರಳು ಹೋಯಿತು, ಮಣಿಕಟ್ಟು ಹೋಯಿತು, ಗಡಿಯಾರ ಹೋಯಿತು, ಮೊಣಕೈಯೂ ಹೋಯಿತು. ಅವರು ಹೊದಿಕೆಯೊಳಗೆ ಮುಷ್ಟಿ ತಿರುಗಿಸಿದರು. ಬಟ್ಟೆಯ ಮೇಲೆ ಉಬ್ಬೊಂದು ಎದ್ದು ಓಡಾಡಿತು.

"ಎಷ್ಟು ಸಲಕ್ಕೆ?" ಎಂದರು.

"ಹದಿನಾಲ್ಕು. ನಿಶ್ಶಕ್ತಿಯಲ್ಲಿರೋ ಜೀವ ಇದರೊಳಗೆ ಕಾಲು ಸಿಕ್ಕಿಸಿಕೊಂಡು ಹಾಸಿಗೆಯಿಂದ ಬಿದ್ದರೆ ಎತ್ತೋರು ಯಾರು? ಅಲ್ಲಿ ನಿಮ್ಮ ಸಹಿ ಇರಲ್ಲ, ಇವರ ಸಹಿ ಇರಲ್ಲ. ನನ್ನದಿರುತ್ತೆ. ಅದಕ್ಕೇ ಹಾಕಲ್ಲ."

"ಹಾಕದೇ ಇದ್ದರೆ ಕೆಲಸ..." ಎಂದು ಸಣ್ಣ ಯಜಮಾನ ಬಾಯಿ ತೆರೆದ.

"ಹೋಗ್ಲಿ ಬಿಡಿ ಸಾರ್. ಕೊಕ್ಕೆ ಹಿಡಿದು ಬಂದೋಳು, ಕೊಕ್ಕೆ ಹಿಡಿದು ಹೋಗ್ತೀನಿ. ಎಳೆ ಪೋಣಿಸೋ ಕೋಣೆ ಎಲ್ಲಾ ಗಿರಣಿಯಲ್ಲೂ ಇರುತ್ತೆ." ಅವಳ ದನಿ ಏರಲಿಲ್ಲ. "ಇನ್ನೊಬ್ಬರ ಹೆಸರಲ್ಲಿ ಕೊಡ್ತೀನಿ ಅಂದ್ರಲ್ಲ, ಧಾರಾಳವಾಗಿ ಕೊಡಿ. ಸೋಪಮ್ಮ ಇದನ್ನ ನೋಡಿಯಾಗಿದೆ. ಆಕೆ ಬಾಯಿಗೆ ಬೀಗ ಹಾಕೋಕೆ ನಿಮ್ಮ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ."

ಯಜಮಾನರು ಹೊದಿಕೆಯಿಂದ ಕೈ ಹೊರಗೆಳೆದು, ಸರಿದುಹೋಗಿದ್ದ ಗಡಿಯಾರವನ್ನು ಸರಿಮಾಡಿಕೊಂಡರು. ತಮ್ಮನ ಮಗನ ಕಡೆ ನೋಡಲೇ ಇಲ್ಲ. "ಆ ಬೀಮು ಎಲ್ಲಿದೆ?"

"ಗೋಡೆಗೆ ಒರಗಿಸಿದಾರೆ."

"ಏರಿಸಿ. ನೇಯ್ದಿರೋದನ್ನ ಬೇರೆ ಮಾಡಿ, ನೆಲ ಒರೆಸೋ ಬಟ್ಟೆಗೆ ಆಗುತ್ತೆ. ಅಮ್ಮ, ನಿನ್ನ ಅಂಚು ಸೋಮವಾರಕ್ಕೆ ಬೇಕು."

"ಭಾನುವಾರ ಸಂಜೆಗೇ ಕೊಡ್ತೀನಿ" ಎಂದಳು.

ಬೀಮು ಏರಿತು. ಮಗ್ಗ ಮೊದಲಿನಂತೆ ಆಗಾಗ ನಿಂತಿತು, ಆಗಾಗ ಮೇಸ್ತ್ರಿಯ ಬೈಗುಳ ತಿಂದಿತು. ಅಂಚು ಚಪ್ಪಟೆಯಾಗಿ ಕೂತಿತು. ಪ್ರತಿ ಕಂತಿಗೂ ಎಣಿಕೆಯಕ್ಕ ಶೆಡ್ಡಿಗಿಳಿದು, ಐವತ್ತಕ್ಕೊಂದರಂತೆ ಹೊದಿಕೆ ಎಳೆದು, ಗಾಜು ಇಟ್ಟು, ಪದರ ಬಿಡಿಸಿ ಬೆಸುಗೆಯೆಳೆ ಇದೆಯೋ ಇಲ್ಲವೋ ನೋಡಿ, ಆಮೇಲೆ ಮೆಟ್ಟಿಲು ಹತ್ತಿ ಬಂದು ಸಹಿ ಹಾಕುತ್ತಿದ್ದಳು. ಸಣ್ಣ ಯಜಮಾನ ಅವಳೊಂದಿಗೆ ಆರು ವಾರ ಮಾತು ಬಿಟ್ಟಿದ್ದ. ಏಳನೆಯ ವಾರ ಒಂದು ದಿನ ಕಾರಿಡಾರಿನಲ್ಲಿ ಎದುರಾಗಿ, "ಮೇಡಂ, ಆ ಲಾಡಿ ಮಾತು ಇಡೀ ಗಿರಣಿಗೆ ಹಬ್ಬಿಸಿಬಿಟ್ರಲ್ಲ" ಎಂದ. "ನಾನಲ್ಲ ಸಾರ್, ನಿಮ್ಮ ಟೈಪಿಸ್ಟು" ಎಂದಳು. ಅಲ್ಲಿಗೆ ಮಾತು ಮತ್ತೆ ಶುರುವಾಯಿತು.

ಕೊನೆಯ ಕಂತಿಗೆ ಮೊದಲು ಯಜಮಾನರು ಅವಳನ್ನು ಕರೆಸಿದರು. ಅವಳು ಬಾಗಿಲ ಚೌಕಟ್ಟು ಹಿಡಿದು ಉಸಿರು ಸುಧಾರಿಸಿಕೊಳ್ಳುವುದನ್ನು ನೋಡಿದರು. ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇತ್ತು. ತೆರೆದರೆ ಮರದ ಹಿಡಿಯ ರಬ್ಬರ್ ಮುದ್ರೆ. ಅದರಲ್ಲಿ ಅವಳದೇ ಸಹಿ, ಕೊನೆಯಲ್ಲಿ ಅವಳು ಎಳೆಯುವ ಬಾಲದ ಸಮೇತ.

"ನಾನೇ ಹೇಳಿ ಮಾಡಿಸಿದೆ" ಎಂದರು. ಅವರ ಮುಖದಲ್ಲಿ ಯಾವ ಕಪಟವೂ ಇರಲಿಲ್ಲ. "ಇನ್ನೂ ಮೂರು ಆಸ್ಪತ್ರೆಯವರು ಕೇಳ್ತಿದಾರಮ್ಮ. ಕಂತಿಗೊಂದು ಸಲ ನೀನು ಈ ಮೆಟ್ಟಿಲು ಹತ್ತೋದು ಇಳಿಯೋದು, ಆ ಮಂಡಿ ಇಟ್ಕೊಂಡು, ನನ್ನ ಕೈಲಿ ನೋಡಕ್ಕಾಗಲ್ಲ. ಇನ್ನು ಮೇಲೆ ನೀನು ಮೇಲೇ ಕೂತು ನಕ್ಷೆ ಬರಿ. ಮುದ್ರೆ ಮೇಸ್ತ್ರಿ ಹತ್ರ ಇರ್ಲಿ. ಅವನು ಒಳ್ಳೆಯವನು."

"ಒಳ್ಳೆಯವನೇ ಯಜಮಾನ್ರೇ. ಬೀಮು ಇಳಿಸಿದ ದಿನವೂ ಒಳ್ಳೆಯವನೇ ಇದ್ದ."



ಅವಳು ಮುದ್ರೆಯನ್ನು ಕೈಗೆತ್ತಿಕೊಂಡಳು. ಚೀಲದಿಂದ ಹಿತ್ತಾಳೆಯ ಗಾಜು ತೆಗೆದು, ರಬ್ಬರಿನ ಅಕ್ಷರಗಳ ಮೇಲಿಟ್ಟು, ಅಭ್ಯಾಸಬಲದಿಂದ ಒಂದು ಗಳಿಗೆ ನೋಡಿದಳು.

"ಚೆನ್ನಾಗಿ ಮಾಡಿದಾರೆ. ನನ್ನ ಸಹಿಗಿಂತ ಚೆನ್ನಾಗಿದೆ" ಎಂದಳು. ಮತ್ತೆ ಅದನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಮೇಜಿನ ಆಚೆ ಬದಿಗೆ ಸರಿಸಿದಳು. "ನಿಮ್ಮ ಪ್ರೀತಿ ದೊಡ್ಡದು. ಆದರೆ ಇದು ನನಗೆ ಬೇಡ ಯಜಮಾನ್ರೇ. ಇದಕ್ಕೆ ಕಣ್ಣಿಲ್ಲ."

"ಮಂಡಿ?"

"ಬಯ್ಯುತ್ತೆ. ಬಯ್ಕೊಂಡೇ ಇಳಿಯುತ್ತೆ."

ಗಾಜನ್ನು ಸೆರಗಿನ ತುದಿಯಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಕೆಳಗೆ ಕೊನೆಯ ಕಂತು ಕಾಯುತ್ತಿತ್ತು. ಕಬ್ಬಿಣದ ಕಂಬಿ ಹಿಡಿದು, ಮೊದಲು ಬಲಗಾಲು, ಆಮೇಲೆ ಅದರ ಪಕ್ಕಕ್ಕೆ ಎಡಗಾಲು, ಒಂದೊಂದೇ ಮೆಟ್ಟಿಲು ಎಣಿಸುತ್ತ ಅವಳು ಇಳಿಯತೊಡಗಿದಳು.